ಮರಗಳ ನೆತ್ತಿಯ ಮೇಲೊಂದು ಭಾನುವಾರ

ಆ ಊರಿನ ಎತ್ತರದ ಕಟ್ಟಡಗಳಲ್ಲಿ ಇದ್ದವರಿಗೆಲ್ಲ ಅವನು ಲಿಫ್ಟಣ್ಣ. ಹೆತ್ತವರು ಇಟ್ಟ ಹೆಸರಿನಿಂದ ಕರೆಯುವವರು ಈಗ ಯಾರೂ ಇರಲಿಲ್ಲ. ಲಿಫ್ಟು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಾಗ ಒಳಗಿದ್ದವರು ದೇವರಿಗಿಂತ ಮೊದಲು ಅವನನ್ನು ನೆನೆಯುತ್ತಿದ್ದರು; ಬಾಗಿಲು ತೆರೆದು ಹೊರಬಂದ ಮೇಲೆ ಅಷ್ಟೇ ಬೇಗ ಮರೆಯುತ್ತಿದ್ದರು. ಅದರ ಬಗ್ಗೆ ಅವನಿಗೆ ಬೇಸರವೇನಿರಲಿಲ್ಲ. ಬಾವಿಯಂಥ ಆ ಕತ್ತಲೆ ಕೊಳವೆಯೊಳಗೆ ಸೊಂಟಕ್ಕೆ ಬೆಲ್ಟು ಬಿಗಿದು, ಗ್ರೀಸು ಮೆತ್ತಿದ ಉಕ್ಕಿನ ಹಗ್ಗಗಳ ಪಕ್ಕ ನೇತಾಡುವಾಗ ಅವನ ಮನಸ್ಸು ತಣ್ಣಗಿರುತ್ತಿತ್ತು. ಹಗ್ಗದ ಒಂದು ಎಳೆ ಕಿತ್ತಿದ್ದರೂ ಕೈಯಾಡಿಸಿದರೆ ಚುಚ್ಚುತ್ತದೆ, ಗೊತ್ತಾಗುತ್ತದೆ. ಮನುಷ್ಯರ ವಿಷಯದಲ್ಲಿ ಹಾಗೆ ಕೈಯಾಡಿಸಿ ನೋಡುವುದು ಅವನಿಗೆ ಬರಲಿಲ್ಲ.

ಅವನ ಹೆಂಡತಿ ಸಲೂನಿನಲ್ಲಿ ಹೆಂಗಸರ ಕೂದಲು ಕತ್ತರಿಸುವ ಕೆಲಸದವಳು. ದಿನವಿಡೀ ಹತ್ತು ಜನರ ಕಥೆ ಕೇಳಿ, ಅದಕ್ಕೆ ತನ್ನದೂ ನಾಲ್ಕು ಸೇರಿಸಿ, ಬಾಯಿ ತುಂಬ ಮಾತು ಹೊತ್ತು ಮನೆಗೆ ಬರುತ್ತಿದ್ದಳು. ಇವನು ಟಿವಿ ಹಾಕದೆಯೇ ಟಿವಿ ನೋಡುವವನ ಹಾಗೆ ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದ. ಊಟದ ನಡುವೆ ಫೋನು ಬಂದರೆ ಕೈ ತೊಳೆದು ಎದ್ದು ಹೋಗುತ್ತಿದ್ದ. ನಿನ್ನ ಜೊತೆ ಇರುವುದೂ ಒಂದೇ, ಒಬ್ಬಳೇ ಇರುವುದೂ ಒಂದೇ ಎಂದು ಅವಳು ಒಂದು ದಿನ ಹೇಳಿದಳು. ಅವನು ಅದಕ್ಕೂ ಏನೂ ಹೇಳಲಿಲ್ಲ. ಕೂಗಾಟ ರಂಪಾಟಗಳಿಲ್ಲದೆ, ಹಳೆಯ ಬಟ್ಟೆಯ ಹೊಲಿಗೆ ಬಿಡುವ ಹಾಗೆ ಆ ಮದುವೆ ಬಿಟ್ಟುಕೊಂಡಿತು. ಆಗ ಮಗಳಿಗೆ ನಾಲ್ಕು ವರ್ಷ.

ಮಗಳನ್ನು ಅವನು ಗುಂಡಿ ಎಂದು ಕರೆಯುತ್ತಿದ್ದ. ನಡೆಯಲು ಕಲಿತ ಹೊಸದರಲ್ಲಿ ಯಾವ ಲಿಫ್ಟು ಹತ್ತಿಸಿದರೂ ಎಟುಕಿದ ಗುಂಡಿಗಳನ್ನೆಲ್ಲ ಒತ್ತಿಬಿಡುತ್ತಿದ್ದಳು. ಆಮೇಲೆ ಮಹಡಿ ಮಹಡಿಗೂ ಬಾಗಿಲು ತೆರೆದುಕೊಳ್ಳುತ್ತಿತ್ತು. ಹೊರಗೆ ಯಾರೂ ಇಲ್ಲದಿದ್ದರೂ ಅವಳು ಟಾಟಾ ಮಾಡುತ್ತಿದ್ದಳು. ಹೆಣ್ಣುಕೂಸನ್ನು ಗುಂಡಿ ಎಂದು ಕರೆಯುತ್ತೀಯಲ್ಲೋ, ಯಾರಾದರೂ ಬಿದ್ದಾರು ಎಂದು ಅವನ ಅಕ್ಕ ಬೈದಿದ್ದಳು. ಅವನು ಬಿಡಲಿಲ್ಲ. ಒಮ್ಮೆ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಒಂದು ದೊಡ್ಡ ಕಟ್ಟಡದ ತುತ್ತತುದಿಯ ಮಿಷಿನ್ ಕೋಣೆಗೆ ಹೋಗಿ, ಅಲ್ಲಿಂದ ತಾರಸಿಗೆ ಕರೆದೊಯ್ದು ಊರು ತೋರಿಸಿದ್ದ. ಅವಳು ಹೆದರಲಿಲ್ಲ. ಕೆಳಗಿನ ಬಸ್ಸುಗಳನ್ನು ನೋಡಿ ಅವು ತನಗೆ ಬೇಕು, ಎತ್ತಿಕೊಡು ಎಂದು ಕೈ ಚಾಚಿದ್ದಳು. ಮಗಳು ಅಂದರೆ ಅವನ ಕಣ್ಣ ಮುಂದೆ ಬರುತ್ತಿದ್ದುದು ಆ ಮಗುವೇ.

ಈಗ ಅವಳಿಗೆ ಒಂಬತ್ತು. ತಾಯಿಯ ಜೊತೆ, ತಾಯಿಯ ಎರಡನೆಯ ಗಂಡನ ಮನೆಯಲ್ಲಿ ಬೆಳೆಯುತ್ತಿದ್ದಳು. ಆ ಗಂಡ ಶಾಲಾ ವ್ಯಾನು ಓಡಿಸುವವನು. ಮಗುವನ್ನು ಬೆಳಿಗ್ಗೆ ಹತ್ತಿಸಿಕೊಂಡು ಸಂಜೆ ಇಳಿಸುತ್ತ, ಮೊದಲು ಮಗುವಿಗೆ, ಆಮೇಲೆ ತಾಯಿಗೆ ಹತ್ತಿರವಾದವನು. ಬೈಯಲು ಅವನಲ್ಲಿ ಏನಾದರೂ ಸಿಕ್ಕೀತೇ ಎಂದು ಲಿಫ್ಟಣ್ಣನ ಅಕ್ಕ ವರ್ಷಗಟ್ಟಲೆ ಹುಡುಕಿ, ಕೊನೆಗೆ ಗೊರಕೆ ಹೊಡೆಯುತ್ತಾನಂತೆ ಎಂಬಲ್ಲಿಗೆ ಬಂದು ನಿಂತಿದ್ದಳು.

ಆ ವ್ಯಾನಿನವನಿಗೆ ಸಮುದ್ರದಾಚೆಯ ಒಂದು ಪಟ್ಟಣದಲ್ಲಿ ದೊಡ್ಡ ಬಸ್ಸು ಓಡಿಸುವ ಕೆಲಸ ಸಿಕ್ಕಿತು. ಹಡಗು ಹತ್ತಿ ಹೋಗಬೇಕಾದ ದೂರ. ಮಗುವನ್ನು ಅಷ್ಟು ದೂರ ಕರೆದೊಯ್ಯಬೇಕಾದರೆ ತಂದೆ ಒಪ್ಪಬೇಕು. ಲಿಫ್ಟಣ್ಣ ಒಪ್ಪಲಿಲ್ಲ. ಜೀವನದಲ್ಲಿ ಮೊದಲ ಸಲ ಅವನು ಏನನ್ನೋ ಬೇಡ ಎಂದದ್ದು ಅದೇ. ವಿಷಯ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿನ ನ್ಯಾಯಾಧೀಶೆ ಎರಡೂ ಕಡೆಯ ಮಾತು ಕೇಳಿ, ಯಾರ ಜೊತೆ ಇರುತ್ತೀ ಎಂದು ಮಗುವನ್ನೇ ಕೇಳೋಣ, ಮುಂದಿನ ವಾರ ಕರೆತನ್ನಿ ಎಂದರು. ಅದಕ್ಕೆ ಮೊದಲು ಬರುವ ಭಾನುವಾರ ತಂದೆಯ ಪಾಲಿಗೆ ಸಿಕ್ಕಿತು.

ಅಕ್ಕ ಆಗಲೇ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತುಬಿಟ್ಟಳು. ಎಲ್ಲಾದರೂ ಚೆನ್ನಾಗಿರುವ ಕಡೆ ಕರೆದುಕೊಂಡು ಹೋಗು, ನಗಿಸು, ನಿನ್ನ ಬಾಯಿಗೆ ಹಾಕಿದ ಬೀಗ ಒಂದು ದಿನವಾದರೂ ತೆಗೆ ಎಂದಳು. "ಅಪ್ಪನ ಹತ್ರ ಇರ್ತೀನಿ ಅಂತ ಅವಳ ಬಾಯಲ್ಲಿ ಬರಬೇಕು. ಅಷ್ಟು ಬಂದ್ರೆ ಸಾಕು. ಕೇಳದೆ ಬಂದ್ಯೋ, ನನ್ನ ಮನೆ ಬಾಗಿಲಿಗೆ ಬರ್ಬೇಡ."

ಊರಿನಿಂದ ಬಸ್ಸಿನಲ್ಲಿ ಅರ್ಧ ದಿನವೂ ಆಗದ ದೂರದಲ್ಲಿ ಒಂದು ಮಳೆಕಾಡಿತ್ತು. ಆ ಕಾಡಿನ ಮರಗಳ ತಲೆಯ ಮಟ್ಟದಲ್ಲಿ, ಒಂದು ಗೋಪುರದಿಂದ ಇನ್ನೊಂದಕ್ಕೆ ತೂಗುಸೇತುವೆ ಕಟ್ಟಿ ಜನರನ್ನು ನಡೆಸುತ್ತಿದ್ದರು. ಬೇರೆ ಯಾವ ಜಾಗವೂ ಅವನ ತಲೆಗೆ ಬರಲಿಲ್ಲ. ಎತ್ತರ, ಹಗ್ಗ, ನೇತಾಡುವುದು: ಅವನಿಗೆ ಗೊತ್ತಿದ್ದ ಲೋಕ ಅದೊಂದೇ. ಮಗಳಿಗೆ ತೋರಿಸಿ ಹೆಮ್ಮೆಪಡುವಂಥದ್ದೂ ಅದೊಂದೇ.

ಮಗಳನ್ನು ಒಪ್ಪಿಸುವಾಗ ಅವಳ ತಾಯಿ, ಇವಳಿಗೆ ಎತ್ತರ ಅಂದರೆ ಆಗುವುದಿಲ್ಲ, ಬೇರೆ ಕಡೆ ಹೋಗಿ ಎಂದಳು. ನನ್ನ ಮಗಳಿಗಾ ಎಂದು ಅವನು ನಕ್ಕ. ತಾಯಿ ಮಗಳ ಕಡೆ ನೋಡಿದಳು. ಮಗಳು ಕ್ಷಣ ತಡೆದು, ಪರವಾಗಿಲ್ಲ ಅಮ್ಮ, ಹೋಗುತ್ತೇನೆ ಎಂದಳು. ವ್ಯಾನಿನವನು ಬಾಗಿಲ ಹಿಂದೆಯೇ ನಿಂತಿದ್ದ. ಮಗುವಿನ ಸ್ವೆಟರನ್ನು ಚೀಲದೊಳಗೆ ತುರುಕಿ ಕೊಟ್ಟು ಒಳಗೆ ಹೋದ.

ಬಸ್ಸಿನಲ್ಲಿ ಲಿಫ್ಟಣ್ಣ ತನ್ನ ಕೈಲಾದಷ್ಟು ಮಾತಾಡಿದ. ಲಿಫ್ಟಿನೊಳಗೆ ಸಿಕ್ಕಿಕೊಂಡ ಮದುಮಗನ ಕಥೆ ಹೇಳಿದ: ಆತ ಬಾಗಿಲು ಬಡಿಯುತ್ತ ಅಳುತ್ತಿದ್ದರೆ ಹೊರಗಿದ್ದ ಮಾವ, ತಪ್ಪಿಸಿಕೊಳ್ಳಲು ಇದೇ ಒಳ್ಳೆಯ ಸಮಯ, ಯೋಚಿಸಿ ನೋಡಿ ಎಂದು ಕೂಗಿದ್ದನಂತೆ. ಮಗಳು ನಕ್ಕಳು. ಅವನಿಗೆ ಬಸ್ಸೇ ಹಗುರವಾದಂತಾಯಿತು. ಈ ಕಥೆಯನ್ನು ಇವಳ ತಾಯಿಗೆ ಯಾಕೆ ಎಂದೂ ಹೇಳಲಿಲ್ಲ ಎಂದು ಅವನೇ ಆಶ್ಚರ್ಯಪಟ್ಟ.

ಕಾಡಿನ ಬಾಗಿಲಲ್ಲಿ ಹಸಿರು ಅಂಗಿಯ ಒಬ್ಬ ಹೆಂಗಸು ಎಲ್ಲರ ತಲೆಗೂ ಗಟ್ಟಿ ಟೋಪಿ ತೊಡಿಸಿ, ಸೊಂಟ ತೊಡೆಗಳಿಗೆ ಬೆಲ್ಟು ಬಿಗಿಯುತ್ತಿದ್ದಳು. ಬೆಲ್ಟಿನಿಂದ ಹೊರಟ ಕೊಕ್ಕೆಯನ್ನು ಸೇತುವೆಯ ಮೇಲಿನ ಹಗ್ಗಕ್ಕೆ ಸಿಕ್ಕಿಸಬೇಕು, ಸೇತುವೆ ದಾಟುವವರೆಗೂ ಬಿಚ್ಚಬಾರದು, ಒಮ್ಮೆಗೆ ಒಂದು ಗುಂಪು ಮಾತ್ರ, ಹೋದ ದಾರಿಯಲ್ಲಿ ಹಿಂದಕ್ಕೆ ಬರುವಂತಿಲ್ಲ ಎಂದು ವಿವರಿಸಿದಳು. ಲಿಫ್ಟಣ್ಣ ಮಗಳ ಬೆಲ್ಟನ್ನು ಇನ್ನೊಮ್ಮೆ ಎಳೆದು ನೋಡಿದ. ಆ ಹೆಂಗಸು, ನನ್ನ ಮೇಲೆ ನಂಬಿಕೆ ಇಲ್ಲವೇ ಎಂದು ನಕ್ಕಳು. ನಿಮ್ಮ ಮೇಲಿದೆ, ಬೆಲ್ಟಿನ ಮೇಲಿಲ್ಲ ಎಂದು ಅವನೂ ನಕ್ಕ.

ಮೊದಲ ಗೋಪುರದ ಮೆಟ್ಟಿಲು ಹತ್ತುವಾಗ ಕಾಡು ಒಂದೊಂದು ಮಹಡಿಯಾಗಿ ಬದಲಾಗುತ್ತ ಹೋಯಿತು. ನೆಲದಲ್ಲಿ ಕೊಳೆತ ಎಲೆಯ ವಾಸನೆ, ಸಂಜೆಯಂಥ ಮಬ್ಬು. ಸ್ವಲ್ಪ ಮೇಲೆ ಕಾಂಡಗಳ ತುಂಬ ಪಾಚಿ, ಪಾಚಿಯೊಳಗೆ ಬೇರೂರಿದ ಪುಟ್ಟ ಗಿಡಗಳು. ಇನ್ನೂ ಮೇಲೆ ಕೊಂಬೆ ಕೊಂಬೆಗೂ ನೇತುಬಿದ್ದ ಜರೀಗಿಡಗಳು, ಹಗ್ಗದ ಹಾಗೆ ಇಳಿಬಿದ್ದ ಬಳ್ಳಿಗಳು, ಒಂದು ಮರವನ್ನು ಸುತ್ತಲಿಂದಲೂ ತಬ್ಬಿ ಬೆಳೆದ ಇನ್ನೊಂದು ಮರ. ಒಳಗಿನ ಮರ ಎಂದೋ ಸತ್ತಿತ್ತು. ತಬ್ಬಿದ್ದು ಮಾತ್ರ ಹಾಗೇ ನಿಂತಿತ್ತು. ತುದಿಗೆ ಬಂದಾಗ ಇದ್ದಕ್ಕಿದ್ದಂತೆ ಬೆಳಕು. ಕಣ್ಣು ಹಾಯುವವರೆಗೂ ಮರಗಳ ತಲೆಗಳು, ನಡುನಡುವೆ ಹೊಗೆಯಂಥ ಮಂಜು.

"ಹೂಕೋಸಿನ ಹಾಗಿದೆ," ಎಂದಳು ಮಗಳು.

ಮೊದಲ ಸೇತುವೆ ಚಿಕ್ಕದು. ಕಾಲಿಗೆ ಹಲಗೆ, ಎರಡೂ ಪಕ್ಕ ಸೊಂಟದೆತ್ತರಕ್ಕೆ ಬಲೆ, ಹಿಡಿದುಕೊಳ್ಳಲು ಹಗ್ಗ. ಅವಳು ಅವನ ಬೆನ್ನಿಗೆ ಅಂಟಿಕೊಂಡಂತೆ ದಾಟಿದಳು. ಎರಡನೆಯದರಲ್ಲಿ ಮಂಗಟ್ಟೆ ಹಕ್ಕಿಯೊಂದು ಕೆಳಗಿನಿಂದ ಹಾರಿಹೋಯಿತು. ಹಕ್ಕಿಯ ಬೆನ್ನನ್ನು ಮೇಲಿನಿಂದ ನೋಡಿದ್ದು ಇಬ್ಬರಿಗೂ ಅದೇ ಮೊದಲು. ಅದರ ರೆಕ್ಕೆ ಹಳೆಯ ಫ್ಯಾನಿನಂತೆ ಸದ್ದು ಮಾಡುತ್ತದೆ, ಎಣ್ಣೆ ಬಿಡಬೇಕು ಎಂದು ಅವನು ಹೇಳಿದ. ಅವಳು ನಕ್ಕಳೇನೋ ನಿಜ, ಆದರೆ ಹಗ್ಗ ಹಿಡಿದಿದ್ದ ಬೆರಳುಗಳು ಬೆಳ್ಳಗಾಗಿದ್ದವು. ಅದನ್ನು ಅವನು ನೋಡಲಿಲ್ಲ. ಸೇತುವೆಯ ಹಗ್ಗಗಳನ್ನು ಬಿಗಿದಿದ್ದ ಕಬ್ಬಿಣದ ಹಿಡಿಗಳನ್ನು ನೋಡುತ್ತಿದ್ದ.

ಎರಡನೆಯ ಸೇತುವೆ ಮುಗಿಯುವಲ್ಲಿ ದೊಡ್ಡ ಮರವೊಂದನ್ನು ಸುತ್ತುವರಿದ ಹಲಗೆಯ ಕಟ್ಟೆ ಇತ್ತು. ಅಲ್ಲಿ ಕೂತು ತಂದಿದ್ದ ಬ್ರೆಡ್ಡು, ಬಾಳೆಹಣ್ಣು ತಿಂದರು. ಅಕ್ಕನ ಮಾತು ಅವನ ತಲೆಯೊಳಗೆ ಬೆಳಗಿನಿಂದ ಗುಯ್‌ಗುಡುತ್ತಿತ್ತು. ನೀರಿಗಿಳಿದ ಮೇಲೆ ಚಳಿಯೇನು ಎಂದುಕೊಂಡು ಅವನು ಕೇಳಿಯೇಬಿಟ್ಟ.

"ಗುಂಡಿ, ನೀನು ನನ್ನ ಜೊತೆ ಇದ್ದುಬಿಡ್ತೀಯಾ?"

ಅವಳು ಬಾಳೆಹಣ್ಣಿನ ಸಿಪ್ಪೆಯನ್ನು ಮಡಿಸಿ ಮಡಿಸಿ ಚಿಕ್ಕದು ಮಾಡುತ್ತಿದ್ದಳು. ತಾನು ಎಲ್ಲಿ ಮಲಗುವುದು ಎಂದು ಕೇಳಿದಳು. ಕಿಟಕಿಯ ಪಕ್ಕದ ಜಾಗ ನಿನ್ನದೇ, ನಾನು ಹೊರಕೋಣೆಗೆ ಹೋಗುತ್ತೇನೆ ಎಂದ. ಶಾಲೆಗೆ ಯಾರು ಬಿಡುತ್ತಾರೆ ಎಂದು ಕೇಳಿದಳು. ನಾನೇ ಎಂದ. ಮಧ್ಯದಲ್ಲಿ ಫೋನು ಬಂದರೆ ಎಂದು ಕೇಳಿದಳು. ಬಂದರೆ ಬರಲಿ, ಆ ಲಿಫ್ಟಿನೊಳಗಿನವರು ಹತ್ತು ನಿಮಿಷ ಹೆಚ್ಚು ದೇವರನ್ನು ನೆನೆಯಲಿ ಎಂದ. ಅವಳು ಸಿಪ್ಪೆಯನ್ನು ಇನ್ನೊಂದು ಸಲ ಮಡಿಸಿದಳು.

"ಸರಿ ಅಪ್ಪ," ಎಂದಳು ಆಮೇಲೆ. "ಜಡ್ಜ್ ಹತ್ರ ಹಂಗೇ ಹೇಳ್ತೀನಿ."

ಇಷ್ಟು ಸುಲಭವಾಗಿ ಆಗುತ್ತದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಮಗಳ ತಲೆಯ ಟೋಪಿಯ ಮೇಲೆ ಎರಡು ಸಲ ತಟ್ಟಿದ. ಎದ್ದು ನಿಂತಾಗ ಕಾಲು ನೆಲದ ಮೇಲಿರಲಿಲ್ಲ. ನೆಲವೂ ಅಲ್ಲಿ ಇರಲಿಲ್ಲ ಅನ್ನಿ.

ಮೂರನೆಯ ಸೇತುವೆ ಎಲ್ಲಕ್ಕಿಂತ ಉದ್ದದ್ದು. ಅಲ್ಲಿ ಕಾಡು ಒಮ್ಮೆಲೇ ಕಣಿವೆಯಾಗಿ ಬಿದ್ದುಹೋಗುತ್ತಿತ್ತು. ಕೆಳಗೆ ಎಲ್ಲೋ ಹೊಳೆಯ ಸದ್ದು ಕೇಳುತ್ತಿತ್ತು, ಹೊಳೆ ಕಾಣುತ್ತಿರಲಿಲ್ಲ. ಆ ತುದಿಯ ಗೋಪುರ ಮಂಜಿನಲ್ಲಿ ಅರ್ಧ ಮುಚ್ಚಿತ್ತು. ಲಿಫ್ಟಣ್ಣ ಇಬ್ಬರ ಕೊಕ್ಕೆಯನ್ನೂ ಸಿಕ್ಕಿಸಿ, ಬಾ ಎಂದು ಮುಂದೆ ನಡೆದ. ಸಂತೋಷ ಅವನ ಕಾಲಿಗಿಳಿದಿತ್ತು. ಹೆಜ್ಜೆ ಬಿರುಸಾಗಿ ಬೀಳುತ್ತಿತ್ತು, ಸೇತುವೆ ಅದಕ್ಕೆ ತಕ್ಕಂತೆ ಕುಣಿಯುತ್ತಿತ್ತು. ನಡುಮಧ್ಯ ದಾಟಿದಾಗ ಕಣಿವೆಯಿಂದ ಗಾಳಿ ಎದ್ದು ಸೇತುವೆಯನ್ನು ಅಡ್ಡಡ್ಡವಾಗಿ ತೂಗಿತು.

"ಪಪ್ಪಾ..."

ಅವನು ತಿರುಗಿ ನಗುತ್ತಲೇ, ಬಂದೆ ಎಂದ. ನಾಲ್ಕು ಹೆಜ್ಜೆ ಹಿಂದಕ್ಕೆ ಬಂದ ಮೇಲೆ, ಆ ಕರೆ ತನಗಲ್ಲ ಎಂಬುದು ಹೊಳೆಯಿತು. ತಾನು ಅಪ್ಪ. ಮೊದಲಿನಿಂದಲೂ ಅಪ್ಪ. ಪಪ್ಪ ಎಂದರೆ ಬೇರೆಯವನು.

ಅವಳು ಸೇತುವೆಯ ನಡುವೆ ಎರಡೂ ಕಡೆಯ ಹಗ್ಗಗಳನ್ನು ಹಿಡಿದು, ಕಣ್ಣು ಮುಚ್ಚಿ ನಿಂತುಬಿಟ್ಟಿದ್ದಳು. ಅವನು ಹತ್ತಿರ ಹೋಗಿ ಭುಜ ಮುಟ್ಟಿದರೆ, ಅಲ್ಲಾಡಿಸಬೇಡ ಎಂದು ಚೀರಿದಳು. ಅವನು ಕೈ ತೆಗೆದ. ಬೆಲ್ಟಿದೆ, ಕೊಕ್ಕೆಯಿದೆ, ಜಾರಿದರೂ ಬೀಳುವುದಿಲ್ಲ ಎಂದು ತನಗೆ ತಿಳಿದ ರೀತಿಯಲ್ಲಿ ವಿವರಿಸಿದ. ಹಗ್ಗದೊಳಗೆ ಎಷ್ಟು ಎಳೆ ಇರುತ್ತವೆ, ಹೇಗೆ ಹೆಣೆಯುತ್ತಾರೆ ಎಂದು ಹೇಳಿದ. ಒಂದೂ ಅವಳ ಕಿವಿಗೆ ಬೀಳಲಿಲ್ಲ.

"ನೋಡು ಗುಂಡಿ, ಆನೆ ನೇತುಹಾಕಿದ್ರೂ ತಡೆಯುತ್ತೆ ಇದು."

"ನಂಗೆ ಆನೆ ಬೇಡ. ನಂಗೆ ಪಪ್ಪ ಬೇಕು."

ಅವಳು ಬೇಕೆಂದೇ ಹೇಳಿದ ಮಾತಲ್ಲ ಅದು. ಬಿಸಿ ತಾಗಿದಾಗ ಕೈ ತಾನೇ ಹಿಂದಕ್ಕೆ ಬರುವ ಹಾಗೆ ಬಂದ ಮಾತು. ಅದಕ್ಕೇ ಅದರಲ್ಲಿ ಸುಳ್ಳಿರಲು ಸಾಧ್ಯವಿರಲಿಲ್ಲ. ಹಿಂದಿನ ಕಟ್ಟೆಯ ಮೇಲೆ ತಮ್ಮ ಸರದಿಗೆ ಕಾಯುತ್ತಿದ್ದ ಜನ ಬಗ್ಗಿ ಬಗ್ಗಿ ನೋಡುತ್ತಿದ್ದರು. ಆ ತುದಿಯ ಗೋಪುರದಿಂದ ಹಸಿರು ಅಂಗಿಯ ಇನ್ನೊಬ್ಬ ಹೆಂಗಸು, ನಾನು ಬರಲೇ ಎಂದು ಕೂಗಿದಳು. ಅವನು ಬೇಡವೆಂದು ಕೈಯೆತ್ತಿದ. ಇನ್ನೊಬ್ಬರು ನಡೆದರೆ ಸೇತುವೆ ಇನ್ನಷ್ಟು ಅಲುಗುತ್ತದೆ.

ಅವನು ಮೆಲ್ಲಗೆ ಹಲಗೆಯ ಮೇಲೆ ಕೂತ. ಈಗ ಅವನ ಮುಖ ಅವಳ ಮುಖಕ್ಕಿಂತ ಕೆಳಗಿತ್ತು. ಅವನು ಸುಮ್ಮನಿದ್ದ, ಸೇತುವೆಯೂ ನಿಧಾನವಾಗಿ ಸುಮ್ಮನಾಯಿತು.

"ಪಪ್ಪ ಇಲ್ಲಿ ಇದ್ದಿದ್ರೆ, ಈಗ ಏನು ಮಾಡ್ತಿದ್ರು? ಹೇಳು. ನಾನೂ ಹಂಗೇ ಮಾಡ್ತೀನಿ."

ಅವಳು ಒಂದು ಕಣ್ಣು ತೆರೆದಳು. ಬಿಕ್ಕುತ್ತ ಬಿಕ್ಕುತ್ತ ತುಂಡು ತುಂಡಾಗಿ ಹೇಳಿದಳು. ಒಮ್ಮೆ ರಸ್ತೆಯ ಮೇಲೆ ನೀರು ಬಂದು ಮಕ್ಕಳೆಲ್ಲ ವ್ಯಾನಿನಿಂದ ಇಳಿದು ನಡೆಯಬೇಕಾಯಿತಂತೆ. ಎಲ್ಲರೂ ಅತ್ತರಂತೆ. ಆಗ ಪಪ್ಪ ಒಬ್ಬೊಬ್ಬರನ್ನೂ ಒಂದೊಂದು ವ್ಯಾನು ಮಾಡಿ ನೀರು ದಾಟಿಸಿದರಂತೆ. ಅಂದಿನಿಂದ ಹೆದರಿಕೆಯಾದಾಗಲೆಲ್ಲ ಅದೇ ಆಟ. ಚುಚ್ಚುಮದ್ದು ಹಾಕಿಸುವಾಗಲೂ, ಕತ್ತಲೆಯಲ್ಲಿ ಬಚ್ಚಲಿಗೆ ಹೋಗುವಾಗಲೂ.

"ಮೊದಲು ಕೀ ಹಾಕ್ಬೇಕು. ಬೆನ್ನಲ್ಲಿ."

ಅವನು ಕೈ ಚಾಚಿ ಅವಳ ಬೆನ್ನಿನ ಮೇಲೆ ಬೆರಳಿಟ್ಟು ತಿರುಗಿಸಿದ. ಎಂಜಿನ್ ಸದ್ದು ನೀನು ಮಾಡಬೇಕು ಎಂದಳು. ಅವನು ಮಾಡಿದ. ಅದು ಲಿಫ್ಟು, ವ್ಯಾನು ಮೊದಲು ಕೆಮ್ಮುತ್ತದೆ ಎಂದು ತಿದ್ದಿದಳು. ಅವನು ಕೆಮ್ಮಿದ. ಇನ್ನೂ ಜೋರಾಗಿ ಎಂದಳು. ಮದುವೆಯಾಗಿ ಅಷ್ಟು ವರ್ಷ ಹೆಂಡತಿಯ ಎದುರು ಒಂದು ಮಾತು ಹೆಚ್ಚಿಗೆ ಆಡದವನು, ಕಾಡಿನ ನೆತ್ತಿಯ ಮೇಲೆ, ಗುರುತಿಲ್ಲದ ಜನ ನೋಡುತ್ತಿರುವಾಗ, ಹಳೆಯ ವ್ಯಾನಿನ ಹಾಗೆ ಗರಗರ ಕೆಮ್ಮಿ, ತುಟಿ ಅದುರಿಸಿ, ಬುರ್ರೆಂದು ಸದ್ದು ಮಾಡಿದ. ಯಾವ ಗೇರು ಎಂದು ಕೇಳಿದ. ಫಸ್ಟು ಎಂದಳು. ಅವನು ಎದ್ದು ಹಿಮ್ಮುಖವಾಗಿ ಒಂದು ಹೆಜ್ಜೆಯಿಟ್ಟ. ಅವಳು ಅವನ ಮುಖವನ್ನೇ ನೋಡುತ್ತ ಒಂದು ಹೆಜ್ಜೆಯಿಟ್ಟಳು.

ಹಾಗೆ ಅವನು ಉಳಿದ ಸೇತುವೆಯನ್ನು ಹಿಮ್ಮುಖವಾಗಿಯೇ ನಡೆಯುತ್ತ ದಾಟಿದ. ಗಾಳಿ ಬೀಸಿದಾಗ ಅವಳು ಬ್ರೇಕ್ ಎಂದರೆ ನಿಲ್ಲುತ್ತಿದ್ದ. ಹಾರನ್ ಎಂದರೆ ಹಾರನ್ ಮಾಡುತ್ತಿದ್ದ. ಒಮ್ಮೆ ಅವಸರಪಟ್ಟು ಸೆಕೆಂಡ್ ಗೇರ್ ಎಂದದ್ದಕ್ಕೆ, ಡ್ರೈವರ್ ನಾನು, ನೀನಲ್ಲ, ಪಪ್ಪ ಯಾವತ್ತೂ ಹಾಗೆ ಮಾಡುವುದಿಲ್ಲ ಎಂದು ಬೈಸಿಕೊಂಡ. ಅವಳ ಕೆನ್ನೆಯ ಮೇಲೆ ಕಣ್ಣೀರು ಇನ್ನೂ ಇಳಿಯುತ್ತಿತ್ತು, ಆದರೆ ಬಾಯಿ ನಗಲು ಶುರು ಮಾಡಿತ್ತು. ಈ ಮುಖವನ್ನು ಇಷ್ಟು ಹೊತ್ತು, ಇಷ್ಟು ಹತ್ತಿರದಿಂದ ತಾನು ನೋಡಿ ಎಷ್ಟು ಕಾಲವಾಯಿತು ಎಂದು ಅವನು ನೆನೆದ. ಮುಂದಿನ ಹಲ್ಲಿನ ಒಂದು ಮೂಲೆ ಮುರಿದಿತ್ತು. ಯಾವಾಗ ಮುರಿಯಿತೋ ಅವನಿಗೆ ತಿಳಿಯದು. ಹುಬ್ಬಿನ ಹತ್ತಿರ ಮಾಸಿದ ಗಾಯದ ಗೆರೆಯೊಂದಿತ್ತು. ಅದೂ ತಿಳಿಯದು. ಆ ಎರಡು ದಿನವೂ ಇವಳನ್ನು ಎತ್ತಿಕೊಂಡು ಓಡಿದವನು, ಬೆನ್ನಲ್ಲಿ ಕೀ ತಿರುಗಿಸಿದವನು ಯಾರು ಎಂಬುದು ಮಾತ್ರ ತಿಳಿದಿತ್ತು.

ಗೋಪುರ ಮುಟ್ಟಿದ ಕೂಡಲೇ ಅವಳು ಅವನ ಸೊಂಟ ತಬ್ಬಿ ಮುಖ ಹುದುಗಿಸಿದಳು. ಹಸಿರು ಅಂಗಿಯವಳು ಕೊಕ್ಕೆ ಬಿಡಿಸುತ್ತ, ನಿಮ್ಮಪ್ಪ ಒಳ್ಳೆಯ ಡ್ರೈವರು ಕಣಮ್ಮ ಎಂದಳು.

"ಇಲ್ಲ," ಎಂದಳು ಮಗಳು, ಮುಖ ತೆಗೆಯದೆಯೇ. "ಅಪ್ಪ ಲಿಫ್ಟ್ ರಿಪೇರಿ ಮಾಡ್ತಾರೆ. ಪಪ್ಪ ಡ್ರೈವರ್."

ಕೆಳಗಿಳಿದು ಬಸ್ಸಿಗೆ ಕಾಯುವಾಗ ಅವನು ಅವಳಿಗೆ ಸ್ವೆಟರ್ ತೊಡಿಸಿದ. ಎತ್ತರ ಅಂದರೆ ಭಯ ಎಂದು ಅಮ್ಮ ಹೇಳಿದಾಗ ನೀನು ಯಾಕೆ ಪರವಾಗಿಲ್ಲ ಅಂದೆ ಎಂದು ಕೇಳಿದ. ಅವಳು ಸ್ವೆಟರಿನ ತೋಳಿನಿಂದ ಮೂಗೊರೆಸಿಕೊಂಡಳು. ಹಿಂದಿನ ದಿನ ಪಪ್ಪ ಹೇಳಿದ್ದರಂತೆ: ನಿಮ್ಮಪ್ಪ ಎಲ್ಲಿಗೆ ಕರೆದರೂ ಹೋಗು, ಬೇಡ ಎನ್ನಬೇಡ, ಅವರಿಗೆ ಸಿಗುವುದು ಒಂದು ದಿನ.

ಬಸ್ಸು ಊರಿನ ಕಡೆ ಹೊರಟಿತು. ಅವಳು ನಿದ್ದೆ ಹೋದಳೆಂದು ಅವನು ಅಂದುಕೊಂಡಿದ್ದ. ಸ್ವಲ್ಪ ದೂರ ಹೋದ ಮೇಲೆ ಅವಳು ಕಿಟಕಿಯ ಕಡೆ ನೋಡುತ್ತಲೇ ಮಾತಾಡಿದಳು.

"ಸೇತುವೆ ಮೇಲೆ ಪಪ್ಪ ಅಂದಿದ್ದಕ್ಕೆ ಬೇಜಾರು ಮಾಡ್ಕೋಬೇಡ ಅಪ್ಪ. ಜಡ್ಜ್ ಹತ್ರ ನಿನ್ನ ಜೊತೇನೇ ಇರ್ತೀನಿ ಅಂತೀನಿ. ಪಕ್ಕಾ."

"ಯಾಕೆ ಗುಂಡಿ?"

"ಪಪ್ಪಂಗೆ ಅಮ್ಮ ಇದ್ದಾಳೆ. ಅಮ್ಮಂಗೆ ಪಪ್ಪ ಇದ್ದಾರೆ. ನಿಂಗೆ ಯಾರೂ ಇಲ್ವಲ್ಲ."

ಮರದ ಕಟ್ಟೆಯ ಮೇಲೆ ಅವಳು ಸರಿ ಎಂದದ್ದು ಯಾಕೆಂದು ಈಗ ಗೊತ್ತಾಯಿತು. ಅವಳು ಬರಲು ಹೊರಟದ್ದು ಅವನು ಬೇಕೆಂದಲ್ಲ. ಅವನ ಮೇಲಿನ ಕನಿಕರಕ್ಕೆ. ಒಂಬತ್ತು ವರ್ಷದ ಕೂಸು ತನ್ನ ಮನೆಯನ್ನು, ತಾಯಿಯನ್ನು, ಹೆದರಿದಾಗ ಕರೆಯುವ ಹೆಸರನ್ನು ಬಿಟ್ಟು, ಅಪ್ಪ ಒಬ್ಬನೇ ಆಗುತ್ತಾನಲ್ಲ ಎಂದು ಅವನ ಹಿಂದೆ ಆ ಸೇತುವೆಗೂ ಬಂದಿತ್ತು, ಇನ್ನು ಮೇಲೂ ಬರಲು ಸಿದ್ಧವಾಗಿತ್ತು. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಅವಳನ್ನು ಎಷ್ಟು ಪ್ರೀತಿಸುತ್ತೇನೆ ಎಂಬುದು ತಿಳಿಯಿತು.

"ಯಾರೂ ಇಲ್ಲ ಅಂತ ಯಾರು ಹೇಳಿದ್ರು?" ಎಂದ. "ನಿಮ್ಮ ಅತ್ತೆ ಇಲ್ವಾ? ಒಬ್ಬಳೇ ಇಡೀ ಬೀದಿಗಾಗೋಷ್ಟು ಮಾತಾಡ್ತಾಳೆ. ಅವಳಿದ್ಮೇಲೆ ಮನುಷ್ಯ ಒಬ್ಬನೇ ಇರೋಕಾಗುತ್ತಾ?"

ಅವಳು ನಕ್ಕು, ಅವನ ತೋಳಿಗೆ ತಲೆಯಿಟ್ಟಳು. ಈ ಸಲ ನಿಜವಾಗಿಯೂ ನಿದ್ದೆ ಹೋದಳು. ತೋಳು ಜೋಮು ಹಿಡಿದರೂ ಅವನು ಕದಲಿಸಲಿಲ್ಲ.

ನಿಲ್ದಾಣದಲ್ಲಿ ವ್ಯಾನಿನವನು ಕಾಯುತ್ತಿದ್ದ. ಮಗಳು ಓಡಿಹೋಗಿ, ಕೈಯನ್ನು ಅಗಲ ಮಾಡಿ ಸೇತುವೆಯ ಉದ್ದ ತೋರಿಸಿ, ವ್ಯಾನಿನೊಳಗೆ ಹತ್ತಿ ಕೂತಳು. ಇಬ್ಬರು ಗಂಡಸರು ಬೀದಿಯ ಪಕ್ಕ ನಿಂತರು. ನಡೆದದ್ದನ್ನು ಲಿಫ್ಟಣ್ಣ ಮುಚ್ಚುಮರೆಯಿಲ್ಲದೆ ಹೇಳಿದ. ಹೆದರಿಸಿಬಿಟ್ಟೆ, ಕೊನೆಗೆ ನಿಮ್ಮ ಆಟ ಆಡಿಯೇ ದಾಟಿಸಿದೆ ಎಂದ. ವ್ಯಾನಿನವನು ತಪ್ಪು ತನ್ನದೆಂಬಂತೆ ತಲೆ ತಗ್ಗಿಸಿದ.

"ಪಪ್ಪ ಅಂತ ಕರಿ ಅಂತ ನಾನು ಹೇಳಿಲ್ಲ ಅಣ್ಣ. ಅವಳೇ ಶುರು ಮಾಡಿದ್ದು. ಅಪ್ಪ ಅಂದ್ರೆ ನೀವೊಬ್ಬರೇ ಅಂತಾಳೆ."

"ಗೊತ್ತು," ಎಂದ ಲಿಫ್ಟಣ್ಣ. "ಕರ್ಕೊಂಡು ಹೋಗಿ. ನಾನು ಅಡ್ಡ ಬರಲ್ಲ. ಆದ್ರೆ ಅವಳಿಗೆ ಈಗ್ಲೇ ಹೇಳ್ಬೇಡಿ. ನನಗೋಸ್ಕರ ಜಗಳ ಮಾಡ್ತಾಳೆ."

ವ್ಯಾನಿನವನು ಅವನ ಎರಡೂ ಕೈ ಹಿಡಿದುಕೊಂಡ. ಒಬ್ಬನ ಕೈಯಲ್ಲಿ ಗ್ರೀಸಿನ ಕಲೆ, ಇನ್ನೊಬ್ಬನ ಕೈಯಲ್ಲಿ ಸ್ಟಿಯರಿಂಗು ಹಿಡಿದ ದಡ್ಡು.

ಮುಂದಿನ ವಾರ ನ್ಯಾಯಾಧೀಶೆ ಮಗುವನ್ನು ತಮ್ಮ ಕೋಣೆಗೆ ಕರೆಯುವ ಮೊದಲೇ ಲಿಫ್ಟಣ್ಣ ಎದ್ದು ನಿಂತ. ಮಗುವನ್ನು ಕೇಳಬೇಡಿ ಎಂದ. ಕೇಳಿದರೆ ಅವಳು ಒಂದು ಹೇಳುತ್ತಾಳೆ, ಹೇಳಿದ್ದಕ್ಕೆ ಬೆಳೆದ ಮೇಲೂ ಅಳುತ್ತಾಳೆ. ಒಬ್ಬರನ್ನು ಬಿಟ್ಟೆ ಎಂಬ ಭಾರ ಅವಳ ತಲೆಗೆ ಬೇಡ, ನಾನೇ ಒಪ್ಪುತ್ತೇನೆ ಎಂದ. ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ಮಗಳ ತಾಯಿ ಹಿಂದೆಂದೂ ಕೇಳಿರಲಿಲ್ಲ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹೊರಗೆ ಬೆಂಚಿನ ಮೇಲೆ ಕಾಲಾಡಿಸುತ್ತ ಕೂತಿದ್ದ ಮಗಳಿಗೆ, ನಿನ್ನನ್ನು ಯಾರೂ ಏನೂ ಕೇಳುವುದಿಲ್ಲವಂತೆ, ದೊಡ್ಡವರೇ ತೀರ್ಮಾನ ಮಾಡಿದರು ಎಂದು ಅವನೇ ಹೋಗಿ ಹೇಳಿದ. ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಭುಜಗಳು ಇಳಿದವು, ಹೊರೆ ಇಳಿಸಿದ ಕೂಲಿಯವರ ಭುಜ ಇಳಿಯುವ ಹಾಗೆ. ಅದನ್ನು ನೋಡಿದ ಮೇಲೆ ತಾನು ಮಾಡಿದ್ದು ಸರಿಯೇ ಎಂದು ಅವನು ಇನ್ನೊಬ್ಬರನ್ನು ಕೇಳಲಿಲ್ಲ.

ಅಕ್ಕ ಮಾತ್ರ ಕೇಳಿದಳು. ಕೈಗೆ ಬಂದ ತುತ್ತನ್ನು ಬೇರೆಯವರ ಬಾಯಿಗಿಟ್ಟು ಬಂದೆಯಲ್ಲೋ ಎಂದು ಮನೆಯ ಗೋಡೆ ಅದುರುವ ಹಾಗೆ ಬೈದಳು. ಅವನು ಬಸ್ಸಿನಲ್ಲಿ ಮಗು ಆಡಿದ ಮಾತನ್ನು ಹೇಳಿದ. ಅವಳು ಬೈಗುಳವನ್ನು ಅರ್ಧಕ್ಕೆ ನಿಲ್ಲಿಸಿ ಅವನ ಪಕ್ಕ ಕೂತಳು. ಬಾಗಿಲಿಗೆ ಬರಬೇಡ ಎಂದವಳು, ಆ ದಿನ ಅವನನ್ನು ಮನೆಗೆ ಹೋಗಲು ಬಿಡಲಿಲ್ಲ.

ಹಡಗು ಹೊರಡುವ ದಿನ ಅವನು ಬಂದರಿಗೆ ಹೋದ. ಭಾರದ ಪೆಟ್ಟಿಗೆಗಳನ್ನು ವ್ಯಾನಿನವನ ಜೊತೆ ಹೊತ್ತು ಹಡಗು ಹತ್ತುವವರ ಸಾಲಿನವರೆಗೆ ತಂದಿಟ್ಟ. ಮಗಳು ಅವನ ಕೊರಳಿಗೆ ಬಿದ್ದು ಅತ್ತಳು, ಹಡಗಿನ ಕಟಕಟೆಯ ಹತ್ತಿರ ಹೋದ ಮೇಲೆ ಅಲ್ಲಿಂದ ಕಾಣುವ ಹೊಸ ನೋಟಕ್ಕೆ ಅಳು ಮರೆತಳು. ಅವನು ಕೈ ಬೀಸುತ್ತಲೇ ಇದ್ದ. ಹಡಗು ತಿರುಗಿಕೊಂಡಾಗ ಅವರು ನಿಂತ ಪಕ್ಕ ಆ ಕಡೆಗಾಯಿತು; ಇವನಿಗೆ ಬರೀ ಬಿಳಿಯ ಬಣ್ಣದ ಕಬ್ಬಿಣದ ಗೋಡೆ ಕಂಡಿತು. ಆದರೂ ಸ್ವಲ್ಪ ಹೊತ್ತು ಕೈ ಇಳಿಸಲಿಲ್ಲ.

ಪ್ರತಿ ಭಾನುವಾರ ಫೋನು ಬರುತ್ತಿತ್ತು. ಮೊದಮೊದಲು ಅವಳು ಹೊಸ ಶಾಲೆ, ಹೊಸ ಗೆಳತಿಯರು, ಪಪ್ಪನ ಎರಡು ಅಂತಸ್ತಿನ ಬಸ್ಸು ಎಂದು ಉಸಿರು ಬಿಡದೆ ಹೇಳುತ್ತಿದ್ದಳು. ಅವನೂ ವಾರವಿಡೀ ಕೂಡಿಟ್ಟ ಲಿಫ್ಟಿನ ಕಥೆಗಳನ್ನು ಹೇಳುತ್ತಿದ್ದ. ಕೆಲವನ್ನು ಕಟ್ಟಿಯೂ ಹೇಳುತ್ತಿದ್ದ. ಬರಬರುತ್ತ ಮಾತು ಚಿಕ್ಕದಾಯಿತು. ಊಟ ಆಯಿತಾ ಅಪ್ಪ, ಆಯಿತು, ನಿನ್ನದು, ಆಯಿತು. ಕೆಲವು ಭಾನುವಾರ ಫೋನು ಬರುತ್ತಿರಲಿಲ್ಲ. ಅವನು ಅದನ್ನು ಯಾವತ್ತೂ ನೆನಪಿಸಲಿಲ್ಲ.

ಅಂಥದ್ದೇ ಒಂದು ಭಾನುವಾರ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ, ಮಗು ಇವತ್ತು ಯಾಕೆ ಫೋನು ಮಾಡಲಿಲ್ಲ ಎಂದು ಅಕ್ಕ ಕೇಳಿದಳು. ಈಜು ಕಲಿಯಲು ಸೇರಿದ್ದಾಳೆ, ಅಲ್ಲಿಗೆ ಹೋಗಿರಬೇಕು ಎಂದ.

"ನೀರು ಅಂದ್ರೆ ಹೆದರಲ್ವೇನೋ ಅವಳು?"

ಅವನು ತುತ್ತು ಕೈಯಲ್ಲಿ ಹಿಡಿದು ಯೋಚಿಸಿದ.

"ಗೊತ್ತಿಲ್ಲಕ್ಕ," ಎಂದ.

ಅಕ್ಕ ಅವನ ತಟ್ಟೆಗೆ ಇನ್ನೊಂದಿಷ್ಟು ಅನ್ನ ಬಡಿಸಿದಳು.